ದುಃಖ ಹೇಳಿಕೊಳ್ಳಲು ಫೋನಿನ ಆಚೆ ಯಾರು?

ಬಾಗಲಕೋಟೆ ಸೀಮೆಯಲ್ಲಿ ಸಾವಾದ ಮನೆಗೆ ಹೋಗಿ ಒಂದಿಷ್ಟು ಹೊತ್ತು ಕುಳಿತು ಬರುವುದಕ್ಕೆ ‘ಮಾತಾಡಿಸಿ ಬರೂದು’ ಎನ್ನುತ್ತಾರೆ. ಮಣ್ಣಿಗೆ ಬರಲಾಗದವರು ಮೂರನೇ ದಿನಕ್ಕೆ ಬರುತ್ತಾರೆ, ಅದಕ್ಕೂ ಆಗದವರು ತಿಂಗಳೊಪ್ಪತ್ತಿನಲ್ಲಿ ಬಂದು ಹೋಗುತ್ತಾರೆ. ಈ ಕೆಲಸದ ಒಂದು ಪಾಲನ್ನು ಈಗ ಫೋನು ಹೊತ್ತುಕೊಂಡಿದೆ. ಸತ್ತವರ ಫೋಟೊ ಸ್ಟೇಟಸ್‌ಗೆ ಏರುತ್ತದೆ, ಗುಂಪಿನಲ್ಲಿ ‘ಓಂ ಶಾಂತಿ’ ಸಾಲುಗಟ್ಟುತ್ತದೆ, ಎರಡು ದಿನಕ್ಕೆ ಎಲ್ಲ ತಣ್ಣಗಾಗುತ್ತದೆ. ಅದರ ನಂತರದ ನಿದ್ದೆಯಿಲ್ಲದ ರಾತ್ರಿಗಳಲ್ಲಿ ಒಬ್ಬರೇ ಕುಳಿತು ಫೋನಿನಲ್ಲಿ ಆಸರೆ ಹುಡುಕುವವರಿಗೆ ಸಿಗುವುದೇನು, ಅದರಲ್ಲಿ ನಂಬಬಹುದಾದದ್ದು ಯಾವುದು ಎಂಬುದು ಈ ಲೇಖನದ ವಿಷಯ. ಅಳತೆಗೋಲು ಒಂದೇ: ಆಚೆ ಕಡೆ ಮಾತಾಡುವವರು ತಮ್ಮ ಮಾತಿಗೆ ಯಾರ ಮುಂದೆ ಉತ್ತರ ಕೊಡಬೇಕಾದವರು?

ಓಣಿ ಚದುರಿದ ಊರು

1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟ ಅಣೆಕಟ್ಟಿನ ಹಿನ್ನೀರು ಮುಂದೆ ಘಟಪ್ರಭೆಯ ಪಾತ್ರದಲ್ಲಿ ಮೇಲೇರಿ ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿತು. ಮುಳುಗಡೆಯಾದವರಿಗಾಗಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆಯಲ್ಲಿ ಎದ್ದದ್ದು ನವನಗರ: ನೇರ ರಸ್ತೆ, ನಂಬರ್ ಹಚ್ಚಿದ ಸೆಕ್ಟರ್‌ಗಳು, ಅಳತೆ ಮಾಡಿ ಕೊಟ್ಟ ಸೈಟುಗಳು. ಒಂದೇ ಗೋಡೆ ಹಂಚಿಕೊಂಡಿದ್ದ ಮನೆಯವರು ಬೇರೆ ಬೇರೆ ಸೆಕ್ಟರ್ ಸೇರಿದರು. ಹಳೆ ಊರಿನಲ್ಲಿ ಅಳುವ ದನಿ ಕೇಳಿದರೆ ಸಾಕು, ಓಣಿಯ ಹೆಣ್ಣುಮಕ್ಕಳು ಬಂದು ಸುತ್ತ ಕೂಡುತ್ತಿದ್ದರು; ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೆಂದು ನೆರೆಯವರು ರೊಟ್ಟಿ ಪಲ್ಯ ಕಟ್ಟಿಕೊಂಡು ಬರುತ್ತಿದ್ದರು. ಹೊಸ ಊರಿಗೆ ಅಗಲವಾದ ರಸ್ತೆ ಬಂತು, ಆದರೆ ದನಿ ಕೇಳುವಷ್ಟು ಹತ್ತಿರದ ಮನೆಗಳು ಕಡಿಮೆಯಾದವು.

ಅತ್ತ ಬಾದಾಮಿ, ಹುನಗುಂದ ಕಡೆಯ ಹಳ್ಳಿಗಳಿಂದ ದುಡಿಯಲು ಗೋವಾ, ಮಂಗಳೂರು, ಬೆಂಗಳೂರಿಗೆ ಹೋದವರ ಕಥೆ ಬೇರೆ. ಊರಲ್ಲಿ ತಾಯಿ ತೀರಿಕೊಂಡರೆ ಮಗ ರಾತ್ರಿ ಬಸ್ಸಿಗೆ ಬಂದು ಮಣ್ಣು ಕೊಟ್ಟು, ಕೂಲಿ ತಪ್ಪುತ್ತದೆಂದು ನಾಲ್ಕೇ ದಿನಕ್ಕೆ ಮರಳಬೇಕು. 2020 ಮತ್ತು 2021ರ ಕೋವಿಡ್ ಕಾಲದಲ್ಲಂತೂ ಮುಖ ನೋಡಲೂ ಆಗದೆ ಉಳಿದವರಿದ್ದಾರೆ. ಇಂಥವರಿಗೆ ಆನ್‌ಲೈನ್ ಆಸರೆ ಬೇಡವೆನ್ನುವುದು ಸರಿಯಲ್ಲ. ಅವರಿಗೆ ಹತ್ತಿರದಲ್ಲಿರುವುದು ಅದೊಂದೇ.

ದುಃಖ ಎಲ್ಲಿಯವರೆಗೆ, ಕಾಯಿಲೆ ಎಲ್ಲಿಂದ

ಆಪ್ತರನ್ನು ಕಳೆದುಕೊಂಡ ದುಃಖ ಕಾಯಿಲೆಯಲ್ಲ. ಊಟ ಸೇರದಿರುವುದು, ಸತ್ತವರ ದನಿ ಕೇಳಿದಂತಾಗುವುದು, ನಕ್ಕ ಮರುಕ್ಷಣ ತಪ್ಪು ಮಾಡಿದೆನೆಂದು ಅಳುಕುವುದು, ಇವೆಲ್ಲ ಆಗುವಂಥವೇ. ಹೆಚ್ಚಿನವರು ಮನೆಮಂದಿ, ಗೆಳೆಯರು, ಕೆಲಸ, ದೇವರು ಇವುಗಳ ನಡುವೆಯೇ ನಿಧಾನಕ್ಕೆ ಚೇತರಿಸಿಕೊಳ್ಳುತ್ತಾರೆ. ಅವರಿಗೆ ಚಿಕಿತ್ಸೆ ಬೇಕಾಗಿಲ್ಲ.

ಅಂತರ್ಜಾಲದಲ್ಲಿ ಮೊದಲು ಎದುರಾಗುವುದು ‘ದುಃಖದ ಐದು ಹಂತಗಳು’. ಇದು ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಬರೆದ ಪುಸ್ತಕದಿಂದ ಬಂದದ್ದು. ಆಕೆ ಅಲ್ಲಿ ಬರೆದದ್ದು ಸಾವಿಗೆ ಹತ್ತಿರವಾದ ರೋಗಿಗಳ ಬಗ್ಗೆ, ಹಿಂದೆ ಉಳಿದವರ ಬಗ್ಗೆ ಅಲ್ಲ. ದುಃಖ ಮೆಟ್ಟಿಲು ಹತ್ತಿದಂತೆ ಸಾಗುವುದಿಲ್ಲ. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶೂಟ್ 1999ರಲ್ಲಿ ಮುಂದಿಟ್ಟ ವಿವರಣೆ ನಮ್ಮ ಅನುಭವಕ್ಕೆ ಹೆಚ್ಚು ಹತ್ತಿರ: ಮನಸ್ಸು ಒಮ್ಮೆ ಕಳೆದುಕೊಂಡದ್ದರ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕಡೆಗೆ ತೂಗಾಡುತ್ತದೆ, ಎರಡೂ ಬೇಕು. ಹಾಗಾಗಿ ಇಂತಿಷ್ಟು ದಿನದಲ್ಲಿ ಐದೂ ಹಂತ ದಾಟಿಸುತ್ತೇವೆ ಎನ್ನುವ ಕೋರ್ಸುಗಳನ್ನು ಅಲ್ಲಿಗೇ ಬಿಡಬಹುದು.

ಕೆಲವರಲ್ಲಿ ಮಾತ್ರ ದುಃಖ ಹೆಪ್ಪುಗಟ್ಟಿ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ ಇದನ್ನು ದೀರ್ಘಕಾಲಿಕ ಶೋಕದ ತೊಂದರೆ ಎಂದು ಪ್ರತ್ಯೇಕವಾಗಿ ಗುರುತಿಸಿದೆ. ಅದರ ಪ್ರಕಾರ ಕನಿಷ್ಠ 6 ತಿಂಗಳು ಕಳೆದಿರಬೇಕು, ಆಯಾ ಸಮಾಜದ ರೂಢಿಯನ್ನು ಮೀರಿದ ತೀವ್ರತೆ ಇರಬೇಕು. ಅಮೆರಿಕದ ಮನೋವೈದ್ಯರು 2022ರಿಂದ ಬಳಸುವ ಕೈಪಿಡಿ ದೊಡ್ಡವರಿಗೆ 12 ತಿಂಗಳು, ಮಕ್ಕಳಿಗೆ 6 ತಿಂಗಳು ಎನ್ನುತ್ತದೆ. ಆದರೆ ‘ನಾನೂ ಅವರ ಹಿಂದೆ ಹೋಗ್ತೀನಿ’ ಎಂಬ ಮಾತು ಬಂದರೆ ತಿಂಗಳು ಎಣಿಸುತ್ತ ಕೂಡಬಾರದು. ಅಂದೇ ಯಾರಾದರೂ ಜೊತೆಗಿರಬೇಕು, ಕೂಡಲೇ ಸಹಾಯವಾಣಿಗೆ ಮಾತಾಡಬೇಕು, ಅಪಾಯ ಕಂಡರೆ 112ಕ್ಕೆ ಕರೆ ಮಾಡಬೇಕು.

14416

ಅಂತರ್ಜಾಲದಲ್ಲಿ ಹುಡುಕುವ ಮೊದಲು ನೆನಪಿಡಬೇಕಾದ ನಂಬರ್ ಇದು. ಟೆಲಿ-ಮಾನಸ್ ಎಂಬ ಈ ಸೇವೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭಿಸಿತು. ಇಡೀ ದೇಶದ ಉಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್‌ನದು. ತಂತ್ರಜ್ಞಾನದ ನೆರವು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಇಂಟರ್ನೆಟ್ ಬೇಕಿಲ್ಲ, ಬಟನ್ ಫೋನಿನಿಂದಲೂ ನಡೆಯುತ್ತದೆ. 1800-891-4416 ಕೂಡ ಇದೇ ಸೇವೆಯ ನಂಬರ್.

ಕರೆ ಮಾಡಿದಾಗ ಮೊದಲು ಭಾಷೆ ಕೇಳುತ್ತದೆ, ಕನ್ನಡ ಆರಿಸಿಕೊಳ್ಳಬೇಕು. ಆಮೇಲೆ ಮಾತಿಗೆ ಸಿಗುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ಅವರಿಂದ ಆಗದ ಸಂಗತಿಯಾದರೆ ಮಾನಸಿಕ ಆರೋಗ್ಯ ತಜ್ಞರಿಗೆ ದಾಟಿಸುತ್ತಾರೆ, ನೇರವಾಗಿ ಕಾಣಬೇಕಾದರೆ ಜಿಲ್ಲೆಯ ಸರ್ಕಾರಿ ವ್ಯವಸ್ಥೆಗೆ ಕಳಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಇದರ ಆ್ಯಪ್ ಬಂತು. ವಿಡಿಯೊ ಮಾತುಕತೆಯನ್ನು ಮೊದಲು ಪರೀಕ್ಷೆಗೆ ಒಡ್ಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ನಮ್ಮ ಮಂದಿ ಇಂಥ ನಂಬರಿಗೆ ಫೋನು ಮಾಡಲು ಹಿಂಜರಿಯುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ: ಏನಂತ ಶುರು ಮಾಡೋದು? ‘ಮನ್ಯಾಗ ಒಬ್ರು ತೀರಿಕೊಂಡಾರ್ರಿ, ನಿದ್ದಿ ಹತ್ತವಲ್ದು’ ಎಂದರೆ ಸಾಕು. ಉಳಿದದ್ದನ್ನು ಅವರೇ ಒಂದೊಂದಾಗಿ ಕೇಳುತ್ತಾರೆ. ಮಾತಿನ ನಡುವೆ ಅತ್ತರೆ ಕಾಯುತ್ತಾರೆ. ‘ಹೋದಾವ್ರು ಹೋದ್ರು, ಗಟ್ಟಿ ಆಗು’ ಎಂಬ ಮಾತನ್ನು ಬೀಗರಿಂದ ಸಾಕಷ್ಟು ಕೇಳಿದವರಿಗೆ ಈ ಕಾಯುವಿಕೆಯೇ ದೊಡ್ಡ ಸಮಾಧಾನ. ಒಂದು ಕರೆಯಲ್ಲಿ ಮಾತು ಕೂಡಿಬರದಿದ್ದರೆ ಮತ್ತೊಮ್ಮೆ ಮಾಡಬಹುದು. ಬೇರೊಬ್ಬರ ಜೊತೆ ಮಾತು ಹೊಂದಿಕೆಯಾದೀತು.

ಹೆಸರು ಮತ್ತು ನೋಂದಣಿ

ಖಾಸಗಿಯಾಗಿ ಆನ್‌ಲೈನ್ ಸಮಾಲೋಚನೆ ಕೊಡುವವರು ಬಹಳ ಜನ. ಒಳ್ಳೆಯವರಿದ್ದಾರೆ. ಆದರೆ ‘ಕೌನ್ಸೆಲರ್’, ‘ಹೀಲರ್’, ‘ಲೈಫ್ ಕೋಚ್’ ಎಂಬ ಬೋರ್ಡುಗಳ ಹಿಂದೆ ಏನಿದೆ ಎಂದು ಕೇಳುವ ಹಕ್ಕು ನಮಗಿದೆ ಎನ್ನುವುದನ್ನು ದುಃಖದಲ್ಲಿ ಮರೆಯುತ್ತೇವೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮುಂದೆ ಓದಿದ ಡಾಕ್ಟರು. ಅವರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಇರಲೇಬೇಕು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ನಿಯಮಗಳ ಪ್ರಕಾರ ಆನ್‌ಲೈನಿನಲ್ಲಿ ನೋಡುವ ಡಾಕ್ಟರು ಆ ನಂಬರನ್ನು ರೋಗಿಗೆ ಕಾಣುವಂತೆ ಕೊಡಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ದಾಖಲಿಸಿಕೊಂಡಿರುತ್ತಾರೆ. ಇವೆರಡಕ್ಕೂ ಸೇರದ ಆಪ್ತಸಮಾಲೋಚಕರೂ ಇದ್ದಾರೆ. ಅವರು ಎಲ್ಲಿ ಕಲಿತರು, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳಿ ತಿಳಿಯಬೇಕು.

ಕೇಳುವುದು ಒರಟುತನವಲ್ಲ. ‘ನೀವು ಎಲ್ಲಿ ಕಲ್ತೀರ್ರಿ? ನಾ ಹೇಳಿದ್ದು ಮತ್ತ್ಯಾರಿಗೆ ಗೊತ್ತಾಗತೈತ್ರಿ? ಒಂದ್ ಸರ್ತಿಗೆ ರೊಕ್ಕ ಎಷ್ಟ್ರಿ?’ ಎಂಬ ಮೂರು ಪ್ರಶ್ನೆಗೆ ನೇರ ಉತ್ತರ ಕೊಡುವವರ ಜೊತೆ ಮುಂದುವರಿಯಬಹುದು. ತಿರುಗಿ ಸಿಟ್ಟು ಮಾಡಿದರೆ ಅಥವಾ ಹತ್ತು ಸಿಟ್ಟಿಂಗಿನ ದುಡ್ಡನ್ನು ಮೊದಲೇ ಕೇಳಿದರೆ ಫೋನು ಇಡುವುದು ವಾಸಿ. ರೋಗಿ ಹೇಳಿದ್ದನ್ನು ಗುಟ್ಟಾಗಿಡಬೇಕು ಎಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ; ಜೀವಕ್ಕೆ ಅಪಾಯವಿದ್ದಾಗಿನಂಥ ಕೆಲವು ವಿನಾಯಿತಿಗಳಿವೆ. ತಿಳಿದ ಸಮಾಲೋಚಕರು ಆ ವಿನಾಯಿತಿಗಳನ್ನು ಮೊದಲ ದಿನವೇ ಹೇಳುತ್ತಾರೆ.

ಒಂದೇ ಪೆಟ್ಟು ತಿಂದವರ ಗುಂಪು

ಮಗು ಕಳೆದುಕೊಂಡವರ ಸಂಕಟ ಮಗು ಕಳೆದುಕೊಂಡವರಿಗೇ ಗೊತ್ತು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1968ರಲ್ಲಿ ಒಂದೇ ಆಸ್ಪತ್ರೆಯಲ್ಲಿ ಗಂಡುಮಕ್ಕಳನ್ನು ಕಳೆದುಕೊಂಡ ಎರಡು ಕುಟುಂಬಗಳನ್ನು ಅಲ್ಲಿಯ ಯುವ ಪಾದ್ರಿ ಸೈಮನ್ ಸ್ಟೀಫನ್ಸ್ ಪರಸ್ಪರ ಭೇಟಿ ಮಾಡಿಸಿದರು. ಅದರಿಂದ ಮರುವರ್ಷ ಹುಟ್ಟಿದ ‘ದಿ ಕಂಪ್ಯಾಶನೇಟ್ ಫ್ರೆಂಡ್ಸ್’ ಇಂದು ಹಲವು ದೇಶಗಳಲ್ಲಿದೆ. ಉತ್ತರ ಕರ್ನಾಟಕಕ್ಕೆ ಇದು ಹೊಸ ವಿಚಾರವೇನಲ್ಲ. ಮೊಹರಂ ಬಂದಾಗ ಇಲ್ಲಿಯ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರು ಕೂಡಿ ಕರ್ಬಲಾದ ದುಃಖವನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನಿ ನಡೆಯುತ್ತದೆ. ಕೂಡಿ ಅಳುವುದು ನಮಗೆ ರೂಢಿಯಿದೆ. ಗುರುತಿಲ್ಲದವರ ಜೊತೆ ಅಳುವುದಷ್ಟೇ ಹೊಸದು.

ಇಂಥ ವಾಟ್ಸ್ಆ್ಯಪ್ ಗುಂಪು ಸೇರಿದ ಕೂಡಲೇ ನಿಮ್ಮ ನಂಬರ್ ಉಳಿದ ಸದಸ್ಯರಿಗೆಲ್ಲ ಕಾಣುತ್ತದೆ. ಒಂಟಿಯಾದ ಹೆಣ್ಣುಮಗಳಿಗೆ ಇದು ಸಣ್ಣ ಸಂಗತಿಯಲ್ಲ. ನಡೆಸುವವರ ನಿಜವಾದ ಹೆಸರು ಗೊತ್ತಿರಬೇಕು. ಹೇಳಿದ್ದನ್ನು ಹೊರಗೆ ಸಾಗಿಸಬಾರದೆಂಬ ಕಟ್ಟಳೆ ಇರಬೇಕು, ಸಾಗಿಸಿದವರನ್ನು ತೆಗೆದದ್ದು ಕಾಣಬೇಕು. ಔಷಧ ಹೇಳುವವರಿಗೆ, ಮಾರುವವರಿಗೆ, ಖಾಸಗಿ ಮೆಸೇಜ್ ಮಾಡಿ ಸಲುಗೆ ಬೆಳೆಸುವವರಿಗೆ ಅಲ್ಲಿ ಜಾಗ ಇರಬಾರದು. ಒಂದು ವಾರ ಏನೂ ಬರೆಯದೆ ಓದುತ್ತಿದ್ದರೆ ಗುಂಪಿನ ಸ್ವಭಾವ ತಿಳಿಯುತ್ತದೆ. ಓದಿದ ಮೇಲೆ ಎದೆ ಹಗುರಾಗುವ ಬದಲು ದಿನದಿನಕ್ಕೆ ಭಾರವಾದರೆ ಹೇಳದೆ ಹೊರಬರಬಹುದು, ಯಾರೂ ಕೇಳುವುದಿಲ್ಲ.

ಆತ್ಮಹತ್ಯೆಯಿಂದ ಒಬ್ಬರನ್ನು ಕಳೆದುಕೊಂಡ ಮನೆಯವರಿಗೆ ಎಚ್ಚರ ಇನ್ನೂ ಹೆಚ್ಚು ಬೇಕು. ಪೊಲೀಸ್ ಪಂಚನಾಮೆ, ಊರ ಬಾಯಿ, ‘ನೀವು ನೋಡ್ಕೋಬೇಕಿತ್ತು’ ಎಂಬ ಮಾತು ಎಲ್ಲ ಒಟ್ಟಿಗೆ ಬರುತ್ತವೆ. ಇವರು ತೆರೆದ ಗುಂಪಿಗಿಂತ ಮೊದಲು ಒಬ್ಬ ತಜ್ಞರ ಜೊತೆ ಒಂಟಿಯಾಗಿ ಮಾತಾಡುವುದು ಮೇಲು.

ಸಾವಿನ ಮನೆಯ ವಿಳಾಸ ಹುಡುಕುವವರು

ಸಾವಿನ ಸುದ್ದಿ ಸ್ಟೇಟಸ್‌ಗೆ, ಫ್ಲೆಕ್ಸ್‌ಗೆ ಏರುತ್ತಿದ್ದಂತೆ ಹೆಸರು, ಊರು, ವಯಸ್ಸು, ಮಕ್ಕಳ ಹೆಸರು ಎಲ್ಲ ಬಯಲಾಗುತ್ತದೆ. ವಿಮೆ ಹಣ ಬಂದಿದೆ, ಓಟಿಪಿ ಹೇಳಿ ಎಂಬ ಕರೆಗೆ ಇಷ್ಟು ಸಾಕು. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ ಮಾಡಿಸಿದ್ದರೆ 2 ಲಕ್ಷ ರೂಪಾಯಿ ಬರುವುದು ನಿಜ, ಆದರೆ ಅದರ ಅರ್ಜಿ ಸತ್ತವರ ಖಾತೆ ಇದ್ದ ಬ್ಯಾಂಕ್ ಶಾಖೆಯಲ್ಲೇ ಕೊಡಬೇಕು. ಯಾರಿಗೂ ಮುಂಗಡ ಕೊಡಬೇಕಾಗಿಲ್ಲ. ಮರಣ ಪ್ರಮಾಣಪತ್ರದ ಫೋಟೊವನ್ನು ಗುಂಪಿಗೆ ಹಾಕಬಾರದು. ಸತ್ತವರ ಸಿಮ್ ಕಾರ್ಡನ್ನು ಬ್ಯಾಂಕಿನ ಕೆಲಸ ಮುಗಿಯುವವರೆಗೆ ಜೋಪಾನ ಮಾಡುವುದೂ ಮುಖ್ಯ.

ಇನ್ನೊಂದು ಬಗೆ ಸತ್ತವರ ಜೊತೆ ಮಾತಾಡಿಸುತ್ತೇವೆ, ಆತ್ಮಕ್ಕೆ ಮುಕ್ತಿ ಕೊಡಿಸುತ್ತೇವೆ ಎನ್ನುವವರದು. ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ‘ಶಾಂತಿ ಮಾಡಿಸದಿದ್ರ ಇನ್ನೊಂದು ಸಾವು ಆಗತೈತಿ’ ಎಂದು ಹೆದರಿಸಿ ಯುಪಿಐ ನಂಬರ್ ಕಳಿಸುವವರನ್ನು ಕಳ್ಳರೆಂದೇ ಕರೆಯಬೇಕು. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಯಂತ್ರದ ಜೊತೆ ಮಾತು

ರಾತ್ರಿ ಎರಡು ಗಂಟೆಗೆ ಎಚ್ಚರವಿರುವುದು ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಒಂದೇ ಎನಿಸಿದಾಗ ಅದರ ಜೊತೆ ಮಾತಾಡುವವರಿದ್ದಾರೆ. ಕಾಗದ ಪತ್ರದ ಕೆಲಸ ತಿಳಿಯಲು, ಮನಸ್ಸಿನದನ್ನು ಬರೆದು ಹಗುರಾಗಲು ಅದು ಒದಗೀತು. ಆದರೆ ಅದಕ್ಕೆ ನೋಂದಣಿಯಿಲ್ಲ, ಅಪಾಯದ ಮಾತು ಬಂದಾಗ ಮನೆ ಬಾಗಿಲು ಬಡಿಯಲು ಅದಕ್ಕೆ ಆಗುವುದಿಲ್ಲ. ಸತ್ತವರ ಮೆಸೇಜು, ದನಿ ತುಂಬಿ ಅವರಂತೆಯೇ ಮಾತಾಡಿಸುವ ಸೇವೆಗಳೂ ಬಂದಿವೆ. ಕೇಂಬ್ರಿಜ್‌ನ ಸಂಶೋಧಕರಿಬ್ಬರು 2024ರಲ್ಲಿ ಇವುಗಳ ಬಗ್ಗೆ ಎಚ್ಚರಿಸಿದ್ದರು: ಅಪ್ಪನ ದನಿಯಲ್ಲಿ ಜಾಹೀರಾತು ಬಂದರೆ ತಡೆಯುವವರು ಯಾರು? ಬೇಡವಾದಾಗ ಅದನ್ನು ಗೌರವದಿಂದ ಮುಗಿಸುವುದು ಹೇಗೆ? ನನಗಂತೂ ಮಕ್ಕಳ ಕೈಗೆ ಇವನ್ನು ಕೊಡಬಾರದೆಂದೇ ಅನಿಸುತ್ತದೆ.

ಒಂದೇ ಫೋನಿನ ಮನೆ

ಇಳಕಲ್ಲಿನ ನೇಕಾರರ ಮನೆಯಲ್ಲಿ ಮಗ್ಗ, ಅಡುಗೆ, ಮಲಗುವುದು ಎಲ್ಲ ಅಕ್ಕಪಕ್ಕವೇ. ಫೋನೂ ಒಂದೇ ಇದ್ದೀತು. ಗುಟ್ಟಾಗಿ ಮಾತಾಡು ಎನ್ನುವ ಸಲಹೆ ಅಲ್ಲಿ ನಗೆ ತರಿಸುತ್ತದೆ. ಆದರೂ ದಾರಿಗಳಿವೆ. ಚಾಟ್‌ಗಿಂತ ಕರೆಯೇ ವಾಸಿ, ಬರೆದದ್ದು ಫೋನಿನಲ್ಲಿ ಉಳಿಯುತ್ತದೆ; ಕರೆ ಮಾಡಿದ ನಂಬರನ್ನು ಪಟ್ಟಿಯಿಂದ ಅಳಿಸಬಹುದು. ನಂಬಿಗಸ್ತ ಗೆಳತಿಯ ಮನೆಯಿಂದ, ಇಲ್ಲವೇ ಆಶಾ ಕಾರ್ಯಕರ್ತೆಯ ಎದುರು ಅವರ ಫೋನಿನಿಂದ ಮಾತಾಡಬಹುದು.

ಊರಲ್ಲೇ ಇರುವ ಬಾಗಿಲು

ಆನ್‌ಲೈನ್ ಆಸರೆ ಚೆನ್ನಾಗಿದ್ದರೆ ಅದು ಒಂದು ಹಂತದಲ್ಲಿ ನಿಮ್ಮನ್ನು ಹತ್ತಿರದ ಮನುಷ್ಯರ ಬಳಿಗೆ ಕಳಿಸುತ್ತದೆ. ನವನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆಯೂ ಇದೆ. ದೊಡ್ಡ ತೊಂದರೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ, ‘ಮನೋಚೈತನ್ಯ’ ಹೆಸರಿನಲ್ಲಿ, ತಾಲ್ಲೂಕು ಆಸ್ಪತ್ರೆಗಳಿಗೆ ಗೊತ್ತಾದ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು ರಾಜ್ಯದಲ್ಲಿದೆ. ಬಾದಾಮಿಗೆ ಯಾವ ಮಂಗಳವಾರ, ಹುನಗುಂದಕ್ಕೆ ಯಾವುದು ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೇಳಿಕೊಂಡು ಹೊರಟರೆ ಒಂದು ದಿನದ ಕೂಲಿ ಉಳಿಯುತ್ತದೆ. ಹೋಗುವಾಗ ಈಗ ನುಂಗುತ್ತಿರುವ ಗುಳಿಗೆಗಳ ಚೀಟಿ ಜೊತೆಗಿರಲಿ, ಬಿಪಿ, ಸಕ್ಕರೆ ಕಾಯಿಲೆಯದ್ದೂ ಸೇರಿ. ನಿದ್ದೆ ಗುಳಿಗೆಯನ್ನು ಅಂಗಡಿಯಿಂದ ತಾವೇ ಕೊಂಡು ತಿನ್ನುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು.