ಕ್ರಿಸ್ ಮನಿಮೇಕರ್: 86 ಡಾಲರಿನಲ್ಲಿ ಶುರುವಾದ ಪೋಕರ್ ಕಸುಬು

ಪೋಕರ್ ಆಡಿಯೇ ಹೊಟ್ಟೆ ಹೊರೆಯುವವರು ಅಮೆರಿಕದಲ್ಲಿ ಹಿಂದಿನಿಂದಲೂ ಇದ್ದರು. ಮನೆಯ ಕಂಪ್ಯೂಟರಿನಿಂದಲೇ ಆ ಕಸುಬಿಗೆ ಇಳಿಯಬಹುದು ಎಂಬ ಆಸೆ ಸಾಮಾನ್ಯರಲ್ಲಿ ಹುಟ್ಟಿದ್ದು ಮಾತ್ರ 2003ರ ನಂತರ. ಅದಕ್ಕೆ ಕಾರಣ ಕ್ರಿಸ್ ಮನಿಮೇಕರ್. ಅಂದಹಾಗೆ, ಈ ಹೆಸರು ಪ್ರಚಾರಕ್ಕೆಂದು ಇಟ್ಟುಕೊಂಡದ್ದಲ್ಲ, ಮನೆತನದ್ದೇ.

ಲೆಕ್ಕಪತ್ರದಿಂದ ಲಾಸ್ ವೇಗಸ್‌ಗೆ

1975ರಲ್ಲಿ ಹುಟ್ಟಿದ ಮನಿಮೇಕರ್ ಟೆನೆಸ್ಸಿ ರಾಜ್ಯದಲ್ಲಿ ಲೆಕ್ಕಿಗರಾಗಿದ್ದರು. ಪೋಕರ್‌ಸ್ಟಾರ್ಸ್ ಎಂಬ ಆನ್‌ಲೈನ್ ತಾಣದಲ್ಲಿ 2003ರಲ್ಲಿ 86 ಡಾಲರ್ ಕಟ್ಟಿ ಒಂದು ‘ಸ್ಯಾಟಲೈಟ್’ ಪಂದ್ಯಕ್ಕೆ ಕೂತರು. ಸ್ಯಾಟಲೈಟ್‌ನಲ್ಲಿ ಗೆದ್ದವರಿಗೆ ಸಾಮಾನ್ಯವಾಗಿ ಸಿಗುವುದು ನಗದಲ್ಲ, ದೊಡ್ಡ ಪಂದ್ಯದ ಪ್ರವೇಶ. ಹೀಗೆ ಗೆಲ್ಲುತ್ತಾ ಹೋದ ಅವರ ಕೈಗೆ 10,000 ಡಾಲರ್ ಪ್ರವೇಶಧನದ, ಲಾಸ್ ವೇಗಸ್‌ನಲ್ಲಿ ನಡೆಯುವ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯದ ಜಾಗ ಬಂತು. ಎದುರಾಳಿಯ ಮುಖ ನೋಡಿಕೊಂಡು ಪಂದ್ಯಾವಳಿ ಆಡಿದ್ದೇ ಅವರಿಗೆ ಅದು ಮೊದಲು. 838 ಮಂದಿಯನ್ನು ದಾಟಿ 25 ಲಕ್ಷ ಡಾಲರ್ ಗೆದ್ದರು. ತಮ್ಮ ಪಾಲಿನ ಒಂದಂಶವನ್ನು ಮೊದಲೇ ತಂದೆಗೂ ಒಬ್ಬ ಗೆಳೆಯರಿಗೂ ಮಾರಿದ್ದರಿಂದ ಅಷ್ಟೂ ಹಣ ಅವರಿಗೇ ಉಳಿಯಲಿಲ್ಲ. ಪಾಲು ಮಾರಿ ನಷ್ಟದ ಭಾರ ಹಂಚಿಕೊಳ್ಳುವುದು ಈ ಕಸುಬಿನಲ್ಲಿ ದಿನನಿತ್ಯದ ವ್ಯವಹಾರ.

ಆ ಒಂದು ಕೈ

ಕೊನೆಗೆ ಉಳಿದವರು ಇಬ್ಬರು: ಮನಿಮೇಕರ್ ಮತ್ತು ಪಳಗಿದ ಆಟಗಾರ ಸ್ಯಾಮ್ ಫಾರ್ಹಾ. ಮನಿಮೇಕರ್ ಕೈಯಲ್ಲಿ ಇಸ್ಪೀಟಿನ ರಾಜ ಮತ್ತು ಒಂದು ಏಳು. ಮೇಜಿನ ಮೇಲೆ ಇಬ್ಬರಿಗೂ ಸಲ್ಲುವಂತೆ ಬಿದ್ದ ಮೊದಲ ನಾಲ್ಕು ಎಲೆಗಳು ಒಂಬತ್ತು, ಎರಡು, ಆರು, ಎಂಟು. ಅವುಗಳಲ್ಲಿ ಮೂರು ಇಸ್ಪೀಟು. ಇನ್ನೊಂದು ಇಸ್ಪೀಟು ಬಂದರೆ ಐದೂ ಒಂದೇ ಬಣ್ಣ. ಐದೋ ಹತ್ತೋ ಬಂದರೆ ಸರಣಿ. ಐದನೆಯದಾಗಿ ಬಂದದ್ದು ಕೆಲಸಕ್ಕೆ ಬಾರದ ಮೂರು. ಕೈಯಲ್ಲಿ ಒಂದು ಜೋಡಿಯೂ ಇಲ್ಲ. ಆದರೂ ಇದ್ದಬದ್ದ ಚಿಪ್ಸನ್ನೆಲ್ಲ ಮುಂದಕ್ಕೆ ತಳ್ಳಿದರು. ಫಾರ್ಹಾ ಬಳಿ ಒಂಬತ್ತರ ಜೋಡಿ ಇತ್ತು, ಎಂದರೆ ಗೆಲ್ಲುವ ಕೈ. ಅವರು ಬಹಳ ಹೊತ್ತು ಯೋಚಿಸಿ ಎಲೆ ಕೆಳಗಿಟ್ಟರು.

ಇದನ್ನು ಬರೀ ಧೈರ್ಯ ಎನ್ನುವಂತಿಲ್ಲ. ಅಂಥ ಎಲೆಗಳು ಬಿದ್ದಾಗ ಒಂಬತ್ತರ ಜೋಡಿಯನ್ನು ಹಿಡಿದು ಇಡೀ ಪಂದ್ಯವನ್ನು ಪಣಕ್ಕಿಡುವುದು ಯಾರಿಗೂ ಕಷ್ಟ. ಬರಿಗೈಯನ್ನು ಬಲವಾದ ಕೈಯೆಂದು ನಂಬಿಸುವ ಈ ‘ಬ್ಲಫ್’ ನಿಂತದ್ದು ಆ ಲೆಕ್ಕದ ಮೇಲೆ. ಹಾಗೆಂದು ಅದೃಷ್ಟ ಇರಲಿಲ್ಲವೆಂದಲ್ಲ. ಅದಕ್ಕೂ ಮೊದಲು ಹತ್ತನೇ ಸ್ಥಾನಕ್ಕೆ ವೃತ್ತಿಪರ ಆಟಗಾರ ಫಿಲ್ ಐವಿ ಹೊರಬಿದ್ದದ್ದು ಮನಿಮೇಕರ್‌ಗೆ ಕಟ್ಟಕಡೆಯ ಎಲೆಯಾಗಿ ಎಕ್ಕ ಬಂದದ್ದರಿಂದ. ಆ ವರ್ಷ ಆಟಗಾರರ ಮುಚ್ಚಿದ ಎಲೆಗಳನ್ನು ತೋರಿಸುವ ಕ್ಯಾಮೆರಾ ಇದ್ದುದರಿಂದ ಟಿವಿ ನೋಡುಗರಿಗೆ ಬ್ಲಫ್ ಮೊದಲೇ ಗೊತ್ತಿತ್ತು, ಫಾರ್ಹಾಗೆ ಗೊತ್ತಿರಲಿಲ್ಲ. ಆ ರೋಮಾಂಚನವೇ ಆಟವನ್ನು ಮನೆಮನೆಗೆ ಮುಟ್ಟಿಸಿತು.

ನುಗ್ಗಿ ಬಂದ ಜನ

ಮುಖ್ಯ ಪಂದ್ಯಕ್ಕೆ 2004ರಲ್ಲಿ 2,576, 2005ರಲ್ಲಿ 5,619, 2006ರಲ್ಲಿ 8,773 ಮಂದಿ ಬಂದರು. 2004ರಲ್ಲಿ ಗೆದ್ದ ಗ್ರೆಗ್ ರೇಮರ್ ಕೂಡ ಆನ್‌ಲೈನ್‌ನಿಂದಲೇ ಅರ್ಹತೆ ಪಡೆದವರು.

ಎರಡು ಮೇಜು, ಎರಡು ಬಗೆ

ಕ್ಯಾಸಿನೊ ಮೇಜಿನಲ್ಲಿ ಗಂಟೆಗೆ ಸುಮಾರು ಮೂವತ್ತು ಕೈ ಹಂಚಿದರೆ ಹೆಚ್ಚು. ಆನ್‌ಲೈನಿನಲ್ಲಿ ಅದರ ದುಪ್ಪಟ್ಟು ವೇಗ, ಅದೂ ಒಬ್ಬನೇ ನಾಲ್ಕಾರು ಮೇಜುಗಳಲ್ಲಿ. ಆಡಿದ ಪ್ರತಿ ಕೈಯೂ ದಾಖಲಾಗುವುದರಿಂದ ತಪ್ಪನ್ನು ಕೂತು ಪರಿಶೀಲಿಸಬಹುದು. ಎದುರುಬದುರು ಕೂತಾಗ ಉಸಿರು, ಕಣ್ಣು, ಬೆರಳು ಎಲ್ಲವೂ ಮಾತಾಡುತ್ತವೆ. ಮನಿಮೇಕರ್ ಟೋಪಿ, ಕಪ್ಪು ಕನ್ನಡಕದಲ್ಲಿ ಆಡುತ್ತಿದ್ದುದು ಸುಮ್ಮನೆ ಅಲ್ಲ.

ದೊಡ್ಡ ಪಂದ್ಯಾವಳಿಗಳಲ್ಲಿ ನೂರಕ್ಕೆ 85ರಷ್ಟು ಮಂದಿ ಬರಿಗೈಲಿ ಏಳುತ್ತಾರೆ. ಚೆನ್ನಾಗಿ ಆಡುವವರೂ ತಿಂಗಳುಗಟ್ಟಲೆ ಸೋಲಬಹುದು. ಹಾಗಾಗಿ ಆಟದ ಬಂಡವಾಳವನ್ನು ಮನೆಖರ್ಚಿನಿಂದ ಬೇರೆ ಇಟ್ಟು, ಅದರ ಸಣ್ಣ ಅಂಶವನ್ನು ಮಾತ್ರ ಒಂದು ಪಂದ್ಯಕ್ಕೆ ಹಾಕುವುದು ವೃತ್ತಿಪರರ ಕಟ್ಟುನಿಟ್ಟು. ಇದರ ಮೇಲೆ ಕ್ಯಾಸಿನೊ ಅಥವಾ ತಾಣ ಕತ್ತರಿಸಿಕೊಳ್ಳುವ ಕಮಿಷನ್ ಬೇರೆ.

ಸಂಪಾದನೆ ಎಲ್ಲಿಂದ?

ಜನ ಮರೆಯುವ ಸಂಗತಿ ಇದು: ಮನಿಮೇಕರ್‌ಗೆ ಅಂಥ ಗೆಲುವು ಮತ್ತೆ ಒದಗಲಿಲ್ಲ. 2011ರ ನ್ಯಾಷನಲ್ ಹೆಡ್ಸ್-ಅಪ್ (ಇಬ್ಬರೇ ಎದುರುಬದುರಾಗಿ ಆಡುವ) ಸ್ಪರ್ಧೆಯಲ್ಲಿ ವೃತ್ತಿಪರ ಆಟಗಾರ ಎರಿಕ್ ಸೀಡಲ್ ಎದುರು ಸೋತು ಎರಡನೆಯವರಾದರು, ಇನ್ನೂ ಕೆಲವು ಒಳ್ಳೆಯ ಫಲಿತಾಂಶಗಳಿವೆ. ಅವರ ಕಸುಬಿಗೆ ಸ್ಥಿರತೆ ಕೊಟ್ಟದ್ದು ಎಲೆಗಳಿಗಿಂತ ಹೆಚ್ಚಾಗಿ ಪೋಕರ್‌ಸ್ಟಾರ್ಸ್ ಒಪ್ಪಂದ. 2020ರ ಕೊನೆಯವರೆಗೂ ಅವರು ಆ ಕಂಪನಿಯ ರಾಯಭಾರಿ. ‘ನಿಮ್ಮಂಥವನೇ ಗೆದ್ದ’ ಎಂಬ ಕಥೆಗೇ ಸಂಬಳ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ದೊಡ್ಡ ಪೋಕರ್ ತಾಣಗಳ ಮೇಲೆ ಮುಗಿಬಿದ್ದಾಗ, ಅಲ್ಲಿ ಕೂತು ಆಡಲಾಗದೆ ಇಂಥ ಒಪ್ಪಂದವಿಲ್ಲದ ಎಷ್ಟೋ ಆಟಗಾರರು ಕೆನಡಾ, ಮೆಕ್ಸಿಕೊಗಳಿಗೆ ಗಂಟುಮೂಟೆ ಕಟ್ಟಿದರು. ಮನಿಮೇಕರ್ 2019ರಲ್ಲಿ ಪೋಕರ್ ಹಾಲ್ ಆಫ್ ಫೇಮ್ ಸೇರಿದರು. ಆಟದ ಮೇಲೆ ಅವರು ಬೀರಿದ ಪ್ರಭಾವಕ್ಕೆ ಸಿಕ್ಕ ಗೌರವ ಅದು ಎನ್ನುವುದೇ ಸರಿ.

ನಮ್ಮಲ್ಲಿ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕರ್ನಾಟಕ 2021ರಲ್ಲಿ ನಿಷೇಧಿಸಿತು. ಕಾಯ್ದೆಯ ಮುಖ್ಯ ಅಂಶಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ದೇಶಕ್ಕೆಲ್ಲ ನಿಷೇಧದ ಕಾಯ್ದೆ ತಂದಿತು. ಇದರಲ್ಲಿ ಕುಶಲತೆಯ ಆಟ, ಅದೃಷ್ಟದ ಆಟ ಎಂಬ ಭೇದವಿಲ್ಲ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಡುವವರಿಗೆ ಶಿಕ್ಷೆ ಇಲ್ಲ. ಇದನ್ನು ಪ್ರಶ್ನಿಸಿದ ಅರ್ಜಿ ಕರ್ನಾಟಕ ಹೈಕೋರ್ಟಿಗೂ ಬಂದಿತ್ತು, ನಂತರ ಸುಪ್ರೀಂ ಕೋರ್ಟ್ ಅದನ್ನು ತನಗೆ ವರ್ಗಾಯಿಸಿಕೊಂಡಿತು. ಆನ್‌ಲೈನಿನಲ್ಲಿ ಪಳಗಿದ ನಮ್ಮ ಹುಡುಗರಿಗೆ ಸದ್ಯಕ್ಕೆ ಕಾಣುವ ಒಂದು ದಾರಿ ಗೋವಾದ ಕ್ಯಾಸಿನೊ ಮೇಜು, ಇನ್ನೊಂದು ವಿದೇಶ.