ಕಾರ್ಖಾನೆಗಳು ಮಾತು ಕಲಿತ ಕಥೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಪೀಣ್ಯದಲ್ಲಿ ಬಾಡಿಗೆಯ ಶೆಡ್ಡೊಂದರಲ್ಲಿ ನಾಲ್ಕು ಸಿಎನ್‌ಸಿ ಯಂತ್ರಗಳನ್ನಿಟ್ಟುಕೊಂಡು ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವುದು ಅವನ ಉದ್ಯೋಗ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವನು ತನ್ನ ಕಷ್ಟ ತೋಡಿಕೊಂಡ. "ಸರ್, ಮೊದಲೆಲ್ಲ ಪರ್ಚೇಸ್ ಆಫೀಸರ ಎದುರು ಕೂತು ಮಾತನಾಡಿ ಆರ್ಡರ್ ತರುತ್ತಿದ್ದೆ. ಈಗ ಅವರ ಕಂಪ್ಯೂಟರ್ ನನ್ನ ಕಂಪ್ಯೂಟರಿಗೆ ಹೇಳುತ್ತದೆ. ಮೂರು ತಿಂಗಳ ಶೆಡ್ಯೂಲ್ ಬಂತು, ನಂಬಿಕೊಂಡು ಸಾಲ ಮಾಡಿ ಉಕ್ಕು ತರಿಸಿದೆ. ಒಂದು ರಾತ್ರಿಯಲ್ಲಿ ಶೆಡ್ಯೂಲ್ ಅರ್ಧವಾಯಿತು. ಯಾಕೆ ಎಂದು ಯಾರನ್ನು ಕೇಳಲಿ?" ಎಂದ. ಇಬ್ಬರು ಹುಡುಗರನ್ನು ಕೆಲಸದಿಂದ ಬಿಡಿಸಬೇಕಾಗಬಹುದು ಎಂಬುದು ಅವನ ಚಿಂತೆ.

ಕನ್ನಡ ಮತ್ತು ಸಮಾಜ ವಿಜ್ಞಾನಗಳನ್ನು ಪಾಠ ಹೇಳಿದ ನನಗೆ ಯಂತ್ರಗಳ ವಿಷಯದಲ್ಲಿ ಉತ್ತರ ಹೇಳುವ ಅಧಿಕಾರವಿಲ್ಲ. ಆದರೆ ಒಂದು ಕಾರ್ಖಾನೆಯ ಗಣಕಯಂತ್ರ ಇನ್ನೊಂದು ಕಾರ್ಖಾನೆಯ ಗಣಕಯಂತ್ರದೊಡನೆ ಮಾತನಾಡುವುದನ್ನು ಕಲಿತದ್ದು ಹೇಗೆ, ಯಾವಾಗ ಎಂಬುದು ಇತಿಹಾಸದ ಪ್ರಶ್ನೆಯಷ್ಟೆ. ಆ ಕುತೂಹಲದಿಂದ ಓದುತ್ತ ಹೋದಾಗ ತಿಳಿದುಬಂದದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಕಥೆ ಆರಂಭವಾಗುವುದು ಕಾರ್ಖಾನೆಯಲ್ಲಲ್ಲ, ಹಸಿವಿನಲ್ಲಿದ್ದ ಒಂದು ನಗರದಲ್ಲಿ. ಹತ್ತನೆಯ ತರಗತಿಯಲ್ಲಿ ಶೀತಲ ಸಮರದ ಪಾಠ ಓದಿದವರಿಗೆ ಬರ್ಲಿನ್ ದಿಗ್ಬಂಧನ ನೆನಪಿರಬಹುದು. 1948ರ ಜೂನ್ 24ರಂದು ಸೋವಿಯತ್ ಒಕ್ಕೂಟವು ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು ಮತ್ತು ಜಲಮಾರ್ಗಗಳನ್ನು ಮುಚ್ಚಿಬಿಟ್ಟಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಹಿಟ್ಟು, ಹಾಲಿನ ಪುಡಿ, ಕಲ್ಲಿದ್ದಲು ಎಲ್ಲವನ್ನೂ ವಿಮಾನದಲ್ಲೇ ಸಾಗಿಸಬೇಕಾಯಿತು. 1949ರ ಸೆಪ್ಟೆಂಬರಿನವರೆಗೆ ಹೀಗೆ ಹೋದ ಸಾಮಗ್ರಿ ಸುಮಾರು 23 ಲಕ್ಷ ಟನ್. ವಿಮಾನಗಳಿಗಿಂತ ಹೆಚ್ಚಾಗಿ ಕಾಡಿದ್ದು ಕಾಗದ. ಸರಕಿನ ಪಟ್ಟಿಗಳು ಬೇರೆ ಬೇರೆ ನಮೂನೆಗಳಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ ಬರುತ್ತಿದ್ದವು. ವಿಮಾನ ಇಳಿದ ಮೇಲೆ ಒಳಗೆ ಏನಿದೆ ಎಂದು ತಿಳಿಯಲು ಹೊತ್ತು ಹಿಡಿಯುತ್ತಿತ್ತು. ಅಮೆರಿಕದ ಸೇನೆಯಲ್ಲಿದ್ದ ಎಡ್ವರ್ಡ್ ಗಿಲ್ಬರ್ಟ್ ಎಂಬಾತ ತನ್ನ ಸಹೋದ್ಯೋಗಿಗಳೊಡನೆ ಸೇರಿ, ಎಲ್ಲರಿಗೂ ಒಂದೇ ಆದ, ಟೆಲೆಕ್ಸ್ ಮೂಲಕವೋ ದೂರವಾಣಿಯ ಮೂಲಕವೋ ಮುಂದಾಗಿ ಕಳುಹಿಸಬಹುದಾದ ಸರಕುಪಟ್ಟಿಯೊಂದನ್ನು ರೂಪಿಸಿದ. ಯಾವ ಸಾಲಿನಲ್ಲಿ ಯಾವ ವಿವರ ಇರಬೇಕೆಂದು ಮೊದಲೇ ಒಪ್ಪಿಕೊಂಡಿದ್ದರಿಂದ ಭಾಷೆಯ ತೊಡಕು ಕಡಿಮೆಯಾಯಿತು.

ಯುದ್ಧಕಾಲದ ಈ ಪಾಠವನ್ನು ಗಿಲ್ಬರ್ಟ್ ಮರೆಯಲಿಲ್ಲ. 1960ರ ದಶಕದಲ್ಲಿ ಡ್ಯೂಪಾಂಟ್ ರಾಸಾಯನಿಕ ಕಂಪನಿಯು ತನ್ನ ಸರಕು ಸಾಗಿಸುವವರೊಡನೆ ಇಂತಹುದೇ ಸಂದೇಶಗಳ ವಿನಿಮಯ ಆರಂಭಿಸಿದಾಗ ಅದರ ಹಿಂದೆ ಆತನಿದ್ದ. 1968ರಲ್ಲಿ ಅಮೆರಿಕದ ರೈಲು, ಲಾರಿ, ಹಡಗು ಮತ್ತು ವಿಮಾನ ಕಂಪನಿಗಳು ಸೇರಿ ಸಾಗಣೆಯ ದತ್ತಾಂಶಕ್ಕೊಂದು ಸಮನ್ವಯ ಸಮಿತಿಯನ್ನು ರಚಿಸಿಕೊಂಡವು. ಅದರ ಮೊದಲ ಪ್ರಮಾಣಿತ ನಮೂನೆಗಳು 1975ರಲ್ಲಿ ಪ್ರಕಟವಾದವು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ಎಕ್ಸ್12 ಎಂಬ ಸಮಿತಿಯನ್ನು ನೇಮಿಸಿ ಈ ಕೆಲಸವನ್ನು ಎಲ್ಲ ಉದ್ಯಮಗಳಿಗೂ ವಿಸ್ತರಿಸಿತು. 1987ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಎಡಿಫ್ಯಾಕ್ಟ್ ಎಂಬ ಅಂತರರಾಷ್ಟ್ರೀಯ ಮಾನಕವೂ ಬಂತು. ಎಕ್ಸ್12ರಲ್ಲಿ ಪ್ರತಿಯೊಂದು ಸಂದೇಶಕ್ಕೂ ಒಂದು ಸಂಖ್ಯೆ: 850 ಎಂದರೆ ಖರೀದಿ ಆದೇಶ, 856 ಎಂದರೆ ಸರಕು ಹೊರಟಿದೆ ಎಂಬ ಮುನ್ಸೂಚನೆ, 810 ಎಂದರೆ ಬಿಲ್ಲು.

ಇದನ್ನೆಲ್ಲ ಒಪ್ಪಿಸುವುದು ಸುಲಭವಾಗಿರಲಿಲ್ಲ. ಒಂದು ಚಿಕ್ಕ ಉದಾಹರಣೆ ನೋಡಿ. 'ಡೆಲಿವರಿ ದಿನಾಂಕ' ಎಂದರೆ ಸರಕು ಕಳುಹಿಸುವವನ ಗೇಟು ಬಿಡುವ ದಿನವೋ, ಪಡೆಯುವವನ ಗೇಟು ತಲುಪುವ ದಿನವೋ? ಎದುರಿಗೆ ಕೂತ ಇಬ್ಬರು ಮನುಷ್ಯರಾದರೆ ಕೇಳಿ ತಿಳಿದುಕೊಳ್ಳುತ್ತಾರೆ. ಯಂತ್ರಕ್ಕೆ ಆ ಅನುಮಾನವೇ ಹುಟ್ಟುವುದಿಲ್ಲ. ಆದ್ದರಿಂದ ಪ್ರತಿಯೊಂದು ದಿನಾಂಕಕ್ಕೂ ಅದು ಯಾವುದರ ದಿನಾಂಕ ಎಂದು ಹೇಳುವ ಸಂಕೇತವನ್ನು ಸೇರಿಸಬೇಕಾಯಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಆದೇಶವು ನೆರೆಯವನಿಗೆ 'ಇಷ್ಟು ಬೇಕು' ಎಂದು ಹೇಳುತ್ತದೆಯೇ ಹೊರತು 'ಯಾಕೆ ಬೇಕು' ಎಂದು ಹೇಳುವುದಿಲ್ಲ. ಇದರ ಪರಿಣಾಮವನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ಎಂಐಟಿಯ ಜೇ ಫಾರೆಸ್ಟರ್. ಕೆಂಟಕಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಗೃಹೋಪಕರಣ ಕಾರ್ಖಾನೆಗಳಲ್ಲಿ ಕೆಲವೊಮ್ಮೆ ಮೂರು ನಾಲ್ಕು ಪಾಳಿಗಳಲ್ಲಿ ಕೆಲಸ ನಡೆಯುತ್ತಿತ್ತು, ಕೆಲವು ವರ್ಷಗಳ ನಂತರ ಅರ್ಧ ಕೆಲಸಗಾರರನ್ನು ಮನೆಗೆ ಕಳುಹಿಸಬೇಕಾಗುತ್ತಿತ್ತು. ಮಾರುಕಟ್ಟೆಯ ಏರಿಳಿತವೇ ಕಾರಣವೆಂದು ಎಲ್ಲರೂ ತಿಳಿದಿದ್ದರು. ಫಾರೆಸ್ಟರ್ ಒಂದು ನೋಟುಪುಸ್ತಕದಲ್ಲಿ ದಾಸ್ತಾನು, ಆದೇಶ ಮತ್ತು ಕೆಲಸಗಾರರ ಸಂಖ್ಯೆಗಳನ್ನು ವಾರವಾರಕ್ಕೆ ಲೆಕ್ಕ ಹಾಕುತ್ತ ಹೋದರು. ಗಿರಾಕಿಗಳ ಬೇಡಿಕೆ ಸ್ಥಿರವಾಗಿದ್ದರೂ ಏರಿಳಿತ ಉಂಟಾಗಬಲ್ಲದೆಂದು ಕಂಡುಬಂತು. ಅಂಗಡಿಯವನು ಸ್ವಲ್ಪ ಹೆಚ್ಚು ಕೇಳುತ್ತಾನೆ. ಸಗಟು ವ್ಯಾಪಾರಿ ಮುನ್ನೆಚ್ಚರಿಕೆಗೆಂದು ಇನ್ನಷ್ಟು ಸೇರಿಸುತ್ತಾನೆ. ಕಾರ್ಖಾನೆಗೆ ತಲುಪುವ ಹೊತ್ತಿಗೆ ಸಣ್ಣ ಅಲೆ ದೊಡ್ಡದಾಗಿರುತ್ತದೆ. 1958ರಲ್ಲಿ ಪ್ರಕಟವಾದ ಈ ವಿಚಾರಕ್ಕೆ ಮುಂದೆ ಚಾಟಿಯ ಹೋಲಿಕೆ ಕೊಟ್ಟರು: ಹಿಡಿಯನ್ನು ತುಸು ಅಲುಗಿಸಿದರೆ ಸಾಕು, ತುದಿ ಬಿರುಸಾಗಿ ಬೀಸುತ್ತದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯು ಮಕ್ಕಳ ಡಯಪರಿನ ವ್ಯಾಪಾರದಲ್ಲಿಯೂ ಇದನ್ನೇ ಕಂಡಿತು. ಮಕ್ಕಳು ಒದ್ದೆ ಮಾಡುವ ಪ್ರಮಾಣ ಏರಿಳಿಯುವುದಿಲ್ಲ, ಆದರೂ ಆದೇಶಗಳು ಏರಿಳಿದಿದ್ದವು! ಪೀಣ್ಯದ ಶೆಡ್ಡು ಚಾಟಿಯ ತುದಿಯಲ್ಲಿದೆ ಎಂಬುದನ್ನು ನಾನು ಬೇರೆ ಹೇಳಬೇಕಿಲ್ಲ.

ಹಾಗಾದರೆ ಯಂತ್ರಗಳು ಬರಿಯ ಆದೇಶ ಕಳುಹಿಸುವ ಬದಲು ಪರಸ್ಪರ ಚರ್ಚಿಸಬಾರದೇಕೆ? ಈ ಪ್ರಶ್ನೆಯಿಂದ ಹುಟ್ಟಿದ್ದು ತಂತ್ರಾಂಶ ಏಜೆಂಟುಗಳ ಕಲ್ಪನೆ. ವಿಮಾ ಏಜೆಂಟ್ ಕಂಪನಿಯ ಪರವಾಗಿ ಮನೆಗೆ ಬಂದು ಮಾತನಾಡುವಂತೆ, ತನ್ನ ಯಜಮಾನನ ಪರವಾಗಿ ತಾನೇ ತೀರ್ಮಾನ ಕೈಗೊಳ್ಳಬಲ್ಲ ತಂತ್ರಾಂಶವೇ ಏಜೆಂಟ್. 1980ರಲ್ಲಿ ರೀಡ್ ಸ್ಮಿತ್ ಎಂಬ ವಿಜ್ಞಾನಿ 'ಕಾಂಟ್ರ್ಯಾಕ್ಟ್ ನೆಟ್' ಎಂಬ ವಿಧಾನವನ್ನು ವಿವರಿಸಿದರು. ನಮ್ಮ ಲೋಕೋಪಯೋಗಿ ಇಲಾಖೆಯ ಟೆಂಡರಿನಂತೆಯೇ ಅದರ ಕ್ರಮ. ಕೆಲಸವಿರುವ ಏಜೆಂಟ್ ಅದನ್ನು ಸಾರುತ್ತದೆ. ಬಿಡುವಿರುವ ಏಜೆಂಟುಗಳು ತಮ್ಮ ಬೆಲೆಯನ್ನೋ ಸಮಯವನ್ನೋ ತಿಳಿಸುತ್ತವೆ. ಯೋಗ್ಯವಾದುದಕ್ಕೆ ಕೆಲಸ ಸಿಗುತ್ತದೆ. 1987ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ವ್ಯಾನ್ ಡೈಕ್ ಪರುನಾಕ್ ಇದನ್ನು ಕಾರ್ಖಾನೆಯ ಕೆಲಸ ಹಂಚಿಕೆಗೆ ಅನ್ವಯಿಸಿದ ಅನುಭವವನ್ನು ಬರೆದರು. 1990ರ ದಶಕದಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಮಾರ್ಕ್ ಫಾಕ್ಸ್ ಮತ್ತು ಸಂಗಡಿಗರು ಆದೇಶ, ದಾಸ್ತಾನು, ಸಾಗಣೆ ಒಂದೊಂದಕ್ಕೂ ಒಂದು ಏಜೆಂಟ್ ಇರುವ ಪೂರೈಕೆ ಸರಪಳಿಯ ಮಾದರಿಯನ್ನು ರಚಿಸಿದರು. ಏಜೆಂಟುಗಳು ಬಳಸುವ ಒಂದೊಂದು ಪದದ ಅರ್ಥವನ್ನು ತರ್ಕಬದ್ಧವಾಗಿ ನಿಗದಿಪಡಿಸಿದ ಕೋಶವೊಂದನ್ನೂ ಕಟ್ಟಿದರು.

ಇಲ್ಲಿ ಕನ್ನಡ ಮೇಷ್ಟ್ರಿಗೆ ಸಂತೋಷವಾಗುವ ಸಂಗತಿಯೊಂದಿದೆ. ಏಜೆಂಟುಗಳ ಭಾಷೆಯನ್ನು ರೂಪಿಸಿದವರು ಆಸರೆ ಪಡೆದದ್ದು ತತ್ತ್ವಶಾಸ್ತ್ರದಿಂದ. ಆಕ್ಸ್‌ಫರ್ಡಿನ ಜೆ. ಎಲ್. ಆಸ್ಟಿನ್ ಅವರ 1962ರಲ್ಲಿ ಪ್ರಕಟವಾದ ಉಪನ್ಯಾಸಗಳ ಸಾರವೇನೆಂದರೆ, ಮಾತನಾಡುವುದೂ ಒಂದು ಕ್ರಿಯೆ. 'ಕೊಡುತ್ತೇನೆ' ಎಂದಾಗ ನಾವು ಸುದ್ದಿ ಹೇಳುತ್ತಿಲ್ಲ, ವಚನ ಕೊಡುತ್ತಿದ್ದೇವೆ. 1996ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಯಾದ ಫಿಪಾ ಎಂಬ ಸಂಸ್ಥೆಯು ಏಜೆಂಟುಗಳಿಗೆ ನಿಗದಿಪಡಿಸಿದ ಭಾಷೆಯಲ್ಲಿ ಇಂತಹ 22 ವಾಗ್ಕ್ರಿಯೆಗಳಿವೆ: ತಿಳಿಸು, ಕೋರು, ಪ್ರಸ್ತಾಪಿಸು, ಒಪ್ಪು, ನಿರಾಕರಿಸು, ಅರ್ಥವಾಗಲಿಲ್ಲ ಎನ್ನು, ಹೀಗೆ. 'ಮಾಡಲಿ', 'ಮಾಡನು', 'ಮಾಡಿಯಾನು' ಎಂದು ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥಗಳನ್ನು ನೀವು ಕಪ್ಪುಹಲಗೆಯ ಮುಂದೆ ನಿಂತು ಒಪ್ಪಿಸಿದ್ದು ನನಗೆ ನೆನಪಾಯಿತು. ಆ ಪಾಠ ನಿರುಪಯೋಗಿ ಎಂದು ಗೊಣಗಿದವರು ಈಗಲಾದರೂ ಕ್ಷಮೆ ಕೇಳಬಹುದು!

ಈ ಪ್ರಯೋಗಗಳು ಕೆಲವು ಕಡೆ ಕಾರ್ಖಾನೆಯ ಒಳಗೆ ಕೆಲಸ ಮಾಡಿದವು. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಡೈಮ್ಲರ್ ಕ್ರೈಸ್ಲರ್ ಕಂಪನಿಯು ಎಂಜಿನ್ನಿನ ಸಿಲಿಂಡರ್ ಹೆಡ್‌ಗಳನ್ನು ಯಾವ ಯಂತ್ರಕ್ಕೆ ಕಳುಹಿಸಬೇಕೆಂಬುದನ್ನು ಏಜೆಂಟುಗಳಿಗೆ ಬಿಟ್ಟು ನೋಡಿತು. ಆದರೆ ಒಂದು ಕಾರ್ಖಾನೆಯ ಯಂತ್ರಗಳಿಗೆಲ್ಲ ಯಜಮಾನ ಒಬ್ಬನೇ. ಬೇರೆ ಬೇರೆ ಯಜಮಾನರ ನಡುವೆ ಏನು ಬೇಕು ಎಂಬುದನ್ನು ತೋರಿಸಿಕೊಟ್ಟದ್ದು ಜಪಾನಿನ ಒಂದು ಬೆಂಕಿ ಅನಾಹುತ.

1997ರ ಫೆಬ್ರವರಿ 1ರ ಮುಂಜಾನೆ ಜಪಾನಿನ ಕರಿಯಾ ಪಟ್ಟಣದಲ್ಲಿದ್ದ ಐಸಿನ್ ಸೇಕಿ ಕಂಪನಿಯ ಕಾರ್ಖಾನೆ ಸುಟ್ಟುಹೋಯಿತು. ಬ್ರೇಕಿನ ಒತ್ತಡವನ್ನು ಹತೋಟಿಯಲ್ಲಿಡುವ ಒಂದು ಪುಟ್ಟ ಕವಾಟವನ್ನು ಟೊಯೋಟಾ ಕಂಪನಿಗೆ ಹೆಚ್ಚುಕಡಿಮೆ ಸಂಪೂರ್ಣವಾಗಿ ಪೂರೈಸುತ್ತಿದ್ದುದು ಅದೇ ಕಾರ್ಖಾನೆ. ಹೆಚ್ಚು ದಾಸ್ತಾನು ಇಡದಿರುವುದು ಟೊಯೋಟಾದ ಹೆಸರಾಂತ ಪದ್ಧತಿ, ಹಾಗಾಗಿ ಕೆಲವೇ ದಿನಗಳಲ್ಲಿ ಜಪಾನಿನಲ್ಲಿ ಅದರ ಕಾರು ತಯಾರಿಕೆ ನಿಂತಿತು. ಆಗ ನಡೆದದ್ದು ವಿಸ್ಮಯ. ಸುಮಾರು 200 ಸಂಸ್ಥೆಗಳು ಆ ಕವಾಟ ಮಾಡಲು ಮುಂದೆ ಬಂದವು. ನಕ್ಷೆಗಳು ಫ್ಯಾಕ್ಸಿನಲ್ಲಿ ಹೋದವು. ಕಾರಿನ ಬಿಡಿಭಾಗಗಳನ್ನೇ ಮಾಡಿರದ, ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿಯೂ ತನ್ನ ಯಂತ್ರವೊಂದನ್ನು ಮಾರ್ಪಡಿಸಿ ಕವಾಟ ಮಾಡಿತು. ಬೆಲೆ ಎಷ್ಟು, ನಷ್ಟ ಯಾರದು ಎಂದು ಯಾರೂ ಮೊದಲು ಚೌಕಾಸಿ ಮಾಡಲಿಲ್ಲ. ಒಂದು ವಾರ ತುಂಬುವ ಮೊದಲೇ ಕಾರ್ಖಾನೆಗಳು ಮತ್ತೆ ಓಡತೊಡಗಿದವು. ಖರ್ಚನ್ನು ನಂತರ ಭರಿಸಿದರು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾದದ್ದೂ ಇದೇ 1997ರಲ್ಲಿ ಎಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.

ಫ್ಯಾಕ್ಸ್ ಮತ್ತು ದೂರವಾಣಿಯಿಂದ ಇದು ಸಾಧ್ಯವಾದದ್ದು ಹೇಗೆ? ಹಲವು ವರ್ಷಗಳಿಂದ ಆ ಸಂಸ್ಥೆಗಳ ಎಂಜಿನಿಯರುಗಳು ಪರಸ್ಪರರ ಕಾರ್ಖಾನೆಗಳಿಗೆ ಹೋಗಿಬಂದಿದ್ದರು, ಒಂದೇ ಬಗೆಯ ಕೆಲಸದ ಪದ್ಧತಿಯನ್ನು ಕಲಿತಿದ್ದರು, ಕಷ್ಟದಲ್ಲಿ ಕೈಬಿಡುವುದಿಲ್ಲ ಎಂಬ ನಂಬಿಕೆಯನ್ನು ಗಳಿಸಿದ್ದರು. ಮೂರೇ ವರ್ಷಗಳ ನಂತರ, 2000ದ ಫೆಬ್ರವರಿಯಲ್ಲಿ, ಜನರಲ್ ಮೋಟರ್ಸ್, ಫೋರ್ಡ್ ಮತ್ತು ಡೈಮ್ಲರ್ ಕ್ರೈಸ್ಲರ್ ಕಂಪನಿಗಳು ಸೇರಿ ಅಂತರಜಾಲದಲ್ಲಿ ಒಂದು ಬೃಹತ್ ಖರೀದಿ ಮಾರುಕಟ್ಟೆಯನ್ನು ಘೋಷಿಸಿದವು. ಕೋವಿಸಿಂಟ್ ಎಂದು ಅದಕ್ಕೆ ಹೆಸರಾಯಿತು. ಯಂತ್ರಬಲಕ್ಕೆ, ಹಣಬಲಕ್ಕೆ ಕೊರತೆಯಿರಲಿಲ್ಲ. ಆದರೆ ಹರಾಜಿನ ಮೂಲಕ ತಮ್ಮ ಬೆಲೆಯನ್ನು ಹಿಂಡುವುದಕ್ಕೇ ಇದನ್ನು ಕಟ್ಟಿದ್ದಾರೆಂದು ಬಿಡಿಭಾಗ ತಯಾರಕರು ಶಂಕಿಸಿದರು. 2004ರ ವೇಳೆಗೆ ಅದು ತುಂಡುಗಳಾಗಿ ಬೇರೆಯವರಿಗೆ ಮಾರಾಟವಾಗಿತ್ತು.

ಇದನ್ನೆಲ್ಲ ಓದಿದ ಮೇಲೆ ನನಗೆ ಅನ್ನಿಸುವುದು ಇಷ್ಟು. ಕಾರ್ಖಾನೆಗಳ ನಡುವೆ ಸಂದೇಶ ಸಾಗಿಸುವುದು ಎಂದೂ ದೊಡ್ಡ ಸಮಸ್ಯೆಯಾಗಿರಲಿಲ್ಲ. ಪದಗಳ ಅರ್ಥವನ್ನು ಒಪ್ಪಿಕೊಳ್ಳುವುದು ಎರಡನೆಯ ಕಷ್ಟ, ಕೊಟ್ಟ ಮಾತಿಗೆ ಯಾರು ಹೊಣೆ ಎಂದು ನಿರ್ಧರಿಸುವುದು ಎಲ್ಲಕ್ಕಿಂತ ದೊಡ್ಡ ಕಷ್ಟ. ಮೊದಲನೆಯದನ್ನು ಯಂತ್ರ ಮಾಡುತ್ತದೆ, ಎರಡನೆಯದನ್ನು ಸಮಿತಿಗಳು ಮಾಡಿದವು, ಮೂರನೆಯದನ್ನು ಮನುಷ್ಯರೇ ಮಾಡಬೇಕು.

ಅಂದಹಾಗೆ, ಆ ಸಮಿತಿಗಳವರು ಹೊಣೆಯ ವಿಷಯವನ್ನು ಮರೆತಿರಲಿಲ್ಲ. ಎಕ್ಸ್12ರ 830 ಎಂಬ ಸಂಖ್ಯೆಯ ಸಂದೇಶವೇ ಶೆಡ್ಯೂಲ್. ಅದರಲ್ಲಿ ಯಾವ ಪ್ರಮಾಣ ಖಚಿತ, ಯಾವುದು ಕೇವಲ ಅಂದಾಜು ಎಂದು ಬೇರೆ ಬೇರೆಯಾಗಿ ಹೇಳುವ ಸಂಕೇತಗಳಿವೆ. ಅಷ್ಟೇ ಅಲ್ಲ, 'ಇಷ್ಟು ಪ್ರಮಾಣದವರೆಗೆ ಮಾಲು ತಯಾರಿಸಲು, ಇಷ್ಟು ಪ್ರಮಾಣದವರೆಗೆ ಕಚ್ಚಾವಸ್ತು ಕೊಳ್ಳಲು ನಿನಗೆ ಅಧಿಕಾರ ಕೊಟ್ಟಿದ್ದೇನೆ' ಎಂದು ಖರೀದಿದಾರನು ಬರೆದುಕೊಡುವ ಸಾಲೂ ಇದೆ. ಚಾಟಿಯ ತುದಿಯಲ್ಲಿರುವವನ ಕಷ್ಟವನ್ನು ಬಲ್ಲ ಯಾರೋ ಪುಣ್ಯಾತ್ಮರು ಅದನ್ನು ಸೇರಿಸಿರಬೇಕು.

ಮೊನ್ನೆ ಆ ಹುಡುಗನಿಗೆ ದೂರವಾಣಿ ಮಾಡಿ ಇದನ್ನೇ ಹೇಳಿದೆ. "ನಿನ್ನ ಶೆಡ್ಯೂಲಿನಲ್ಲಿ ಎಷ್ಟು ವಾರ ಖಚಿತ, ಎಷ್ಟು ವಾರ ಅಂದಾಜು ಎಂದು ಬರೆದಿದೆಯೇ ನೋಡಪ್ಪ. ಇಲ್ಲದಿದ್ದರೆ ಮುಂದಿನ ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ತಂದು ಹಾಕಿದ ಉಕ್ಕಿಗೆ ಯಾರು ಹೊಣೆ ಎಂದು ಬರೆಸಿಕೋ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಎರಡನೇ ಪುಟದಲ್ಲಿ ಏನೋ ಬರೆದಿದೆ, ನಾನು ಇಲ್ಲಿಯವರೆಗೆ ಓದೇ ಇಲ್ಲ" ಎಂದ. ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದದೆ ಉತ್ತರ ಬರೆಯುವ ಅಭ್ಯಾಸ ಅವನಿಗೆ ಆಗಲೂ ಇತ್ತು. ಹುಡುಗರನ್ನು ಇನ್ನೂ ಬಿಡಿಸಿಲ್ಲವಂತೆ.

ನಿಮ್ಮಲ್ಲಿ ಹಲವರು ಇಂತಹ ಕಾರ್ಖಾನೆಗಳಲ್ಲಿ, ತಂತ್ರಾಂಶ ಕಂಪನಿಗಳಲ್ಲಿ ಇದ್ದೀರಿ. ನಾನು ತಪ್ಪು ತಿಳಿದಿದ್ದರೆ ತಿದ್ದಿ. ಶೆಡ್ಯೂಲ್ ಕಳುಹಿಸುವ ಕಡೆಯಲ್ಲಿ ನೀವಿದ್ದರೆ, ಅದರ ಇನ್ನೊಂದು ತುದಿಯಲ್ಲಿ ನಿಮ್ಮ ಬೆಂಚಿನ ಸಹಪಾಠಿಯೇ ಇರಬಹುದು ಎಂಬುದನ್ನು ಮರೆಯಬೇಡಿ.