ನುಂಗಿದ ಮಾತ್ರೆಯ ಲೆಕ್ಕ ರಕ್ತದಲ್ಲಿ

2020ರ ಕೊರೊನಾ ದಿನಗಳಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಉದ್ದನೆಯ ಹೆಸರು ಎಲ್ಲರ ಬಾಯಲ್ಲಿತ್ತು. ಕೊರೊನಾಕ್ಕೆ ಅದು ಮದ್ದಲ್ಲವೆಂದು ತಿಳಿದ ಮೇಲೆ ನಾವು ಅದನ್ನು ಮರೆತೆವು. ಲೂಪಸ್ ರೋಗಿಗಳು ಮಾತ್ರ ಮರೆಯುವಂತಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲು, ಚರ್ಮ, ಮೂತ್ರಪಿಂಡಗಳ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಅವರಿಗೆ ಈ ಮಾತ್ರೆ ವರ್ಷಾನುಗಟ್ಟಲೆಯ ಸಂಗಾತಿ. ನುಂಗಿದ್ದು ರಕ್ತದಲ್ಲಿ ಎಷ್ಟಿದೆಯೆಂದು ಅಳೆಯುವ ವಿದ್ಯೆ ಹೇಗೆ ಬಂತೆಂಬ ಕಥೆ ನಮ್ಮ ಮಕ್ಕಳಿಗೂ ಹೇಳುವಂಥದ್ದು.

ಕಥೆ ಶುರುವಾಗುವುದು ಮಲೇರಿಯದಿಂದ. ಸಿಂಕೋನ ಮರದ ತೊಗಟೆಯಿಂದ ಕ್ವಿನೈನ್ ಬರುತ್ತದೆ. ಕನ್ನಡಿಗರಿಗೆ ಪರಿಚಿತವಾದ ನೀಲಗಿರಿಯಲ್ಲೂ 1860ರ ದಶಕದಲ್ಲಿ ಬ್ರಿಟಿಷರು ಈ ಮರ ಬೆಳೆಸಿದರು. ಆದರೆ ಜಗತ್ತಿಗೆ ಹೆಚ್ಚಿನ ತೊಗಟೆ ಬರುತ್ತಿದ್ದುದು ಜಾವಾದಿಂದ. 1942ರಲ್ಲಿ ಜಾವಾ ಜಪಾನಿನ ವಶವಾದಾಗ ಅಮೆರಿಕದ ಸೈನಿಕರಿಗೆ ಕ್ವಿನೈನ್ ಸಿಗದಾಯಿತು. ಆಗ ಕೈಗೆ ಬಂದದ್ದು ಅಟಬ್ರಿನ್ ಎಂಬ ಕೃತಕ ಔಷಧ. ಅದನ್ನು ನುಂಗಿದವರ ಚರ್ಮ ಹಳದಿಯಾಗುತ್ತಿತ್ತು, ಹೊಟ್ಟೆ ಕೆಡುತ್ತಿತ್ತು. ಎಷ್ಟು ಕೊಡಬೇಕೆಂಬುದೇ ಸ್ಪಷ್ಟವಿರಲಿಲ್ಲ.

ನ್ಯೂಯಾರ್ಕಿನ ಗೋಲ್ಡ್‌ವಾಟರ್ ಆಸ್ಪತ್ರೆಯಲ್ಲಿ ಜೇಮ್ಸ್ ಶಾನನ್ ಮತ್ತು ಬರ್ನಾರ್ಡ್ ಬ್ರಾಡಿ ಅವರ ತಂಡ ಸರಳವಾದ ಪ್ರಶ್ನೆ ಕೇಳಿತು: ನುಂಗಿದ ಔಷಧ ರಕ್ತದಲ್ಲಿ ಎಷ್ಟಿದೆ? ಅಟಬ್ರಿನ್ ಬೆಳಕಿಗೆ ಮಿನುಗುವ ಗುಣವನ್ನೇ ಹಿಡಿದು ಅವರು ಅದನ್ನು ಅಳೆದರು. ಔಷಧದ ಬಹುಪಾಲು ಅಂಗಾಂಶಗಳಲ್ಲಿ ಅಡಗಿ, ರಕ್ತದಲ್ಲಿ ಸ್ವಲ್ಪವೇ ಉಳಿಯುತ್ತಿತ್ತು. ಹೀಗಾಗಿ ಮೊದಲು ದೊಡ್ಡ ಪ್ರಮಾಣ, ನಂತರ ದಿನಾ ಸಣ್ಣ ಪ್ರಮಾಣ ಎಂಬ ಕ್ರಮ ಬಂತು. ಔಷಧದ ಅಳತೆ ಮಾತ್ರೆಯಲ್ಲಲ್ಲ, ರಕ್ತದಲ್ಲಿ ಎಂಬ ಪಾಠ ಅಲ್ಲಿಂದ ಗಟ್ಟಿಯಾಯಿತು.

ಇದೇ ಅಟಬ್ರಿನ್ ಲೂಪಸ್ ರೋಗಿಗಳಿಗೆ ಗುಣ ಕೊಡುತ್ತದೆಂದು 1951ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವೈದ್ಯ ಪೇಜ್ ಬರೆದರು. 1955ರಲ್ಲಿ ಇದರ ಸೌಮ್ಯ ಬಂಧು ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. 1991ರ ಕೆನಡಾ ಅಧ್ಯಯನದಲ್ಲಿ, ಮಾತ್ರೆ ಮುಂದುವರಿಸಿದವರಿಗಿಂತ ನಿಲ್ಲಿಸಿದವರಲ್ಲಿ ಕಾಯಿಲೆ ಹೆಚ್ಚು ಮರುಕಳಿಸಿತು.

ಆದರೂ ಒಂದು ತೊಡಕು ಉಳಿಯಿತು. ಕಾಯಿಲೆ ಮರುಕಳಿಸಿದಾಗ ಔಷಧ ಸೋತಿತೋ, ರೋಗಿ ನುಂಗಿಲ್ಲವೋ? ಸೋತಿತೆಂದು ತಿಳಿದರೆ ವೈದ್ಯರು ಇನ್ನೂ ಕಠಿಣ ಔಷಧ ಕೊಡುತ್ತಾರೆ. 2006ರಲ್ಲಿ ಫ್ರಾನ್ಸಿನ ಸಂಶೋಧಕರು 143 ರೋಗಿಗಳನ್ನು ಅಳೆದು, ರಕ್ತದಲ್ಲಿ ಔಷಧ ಕಡಿಮೆ ಇದ್ದವರಿಗೇ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚೆಂದು ಕಂಡರು. ಮಿಲಿಲೀಟರಿಗೆ 200 ನ್ಯಾನೋಗ್ರಾಮಿಗಿಂತ ಕಡಿಮೆಯಿದ್ದರೆ ಮಾತ್ರೆ ತಪ್ಪುತ್ತಿದೆಯೆಂಬ ಬಲವಾದ ಸುಳಿವು ಎಂದು 2007ರಲ್ಲಿ ತೋರಿಸಿದರು. ಆದರೆ 2013ರ ಪರೀಕ್ಷೆಯೊಂದರಲ್ಲಿ, ರಕ್ತದ ಅಂಕಿ ಏರಿಸಲು ಪ್ರಮಾಣ ಹೆಚ್ಚಿಸಿದರೂ ಮರುಕಳಿಕೆ ತಗ್ಗಲಿಲ್ಲ. ಮಿತಿ ಮೀರಿದರೆ ಕಣ್ಣಿನ ಅಕ್ಷಿಪಟಕ್ಕೆ ಅಪಾಯವೂ ಉಂಟು. ದಿನಕ್ಕೆ ದೇಹತೂಕದ ಕಿಲೋಗೆ 5 ಮಿಲಿಗ್ರಾಂ ದಾಟಬಾರದೆಂದು ಅಮೆರಿಕದ ನೇತ್ರವೈದ್ಯರ ಸಂಘ 2016ರಲ್ಲಿ ಹೇಳಿತು.

ಹಾಗಾದರೆ ಅಳೆದು ಪ್ರಯೋಜನವೇನು? ಅಂಕಿ ಕಡಿಮೆ ಬಂದರೆ ರೋಗಿಯನ್ನು ಗದರಿಸುವುದಲ್ಲ, ಮಾತ್ರೆ ಏಕೆ ತಪ್ಪಿತೆಂದು ಕೇಳುವುದು. ದುಡ್ಡಿಲ್ಲವೋ, ಹೆದರಿಕೆಯೋ, "ಈಗ ಆರಾಮಾಗಿದ್ದೇನಲ್ಲ" ಎಂಬ ಭಾವನೆಯೋ? ನಮ್ಮ ಶಾಲೆಗಳ ಮಕ್ಕಳಲ್ಲಾಗಲಿ, ಪೋಷಕರಲ್ಲಾಗಲಿ ಇಂಥ ಕಾಯಿಲೆಯವರಿದ್ದರೆ, ಆರಾಮಾದಾಗ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳುವಂತೆ ನಾವು ಹೇಳಬಹುದು. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಬೇಕೇ ಎಂಬುದನ್ನೂ ಆಗಲೇ ಕೇಳಲಿ.